ಅಟ್ಟದ ಕಂಪ್ಯೂಟರ್

ನಮ್ಮ ಸೋದರಮಾವನಿಗೆ ಎರಡು ಕಣ್ಣೂ ಚೆನ್ನಾಗಿವೆ. ಆದರೆ ಅವರು ಲೋಕವನ್ನು ನೋಡುವುದು ಮಾತ್ರ ಕಿವಿಯಿಂದ!

ನಂಬಿಕೆ ಬರಲಿಲ್ಲವೇ? ಬಿಳಿಗೆರೆಯ ಹತ್ತಿರ ಅವರ ತೆಂಗಿನ ತೋಟವಿದೆ. ನಮ್ಮ ಕಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತೇಬಿಡುತ್ತಾರೆ. ಆಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರು ತುಳುಕಿದರೆ ಕಾಯಿ ಮತ್ತೆ ಅಟ್ಟಕ್ಕೆ. ಒಣಗಿದ ಕೊಬ್ಬರಿ ಲೊಟಲೊಟ ಎಂದರೆ ಸುಲಿಯಲು ಕೆಳಕ್ಕೆ. ಇದರಲ್ಲಿ ವಿಶೇಷವೇನಿಲ್ಲ, ಊರಿಗೂರೇ ಮಾಡುವ ಕೆಲಸ. ಆದರೆ ಊರಿನವರು ಆ ಅಭ್ಯಾಸವನ್ನು ಅಟ್ಟದಲ್ಲೇ ಬಿಟ್ಟು ಇಳಿಯುತ್ತಾರೆ, ಮಾವ ಅದನ್ನೂ ಜೊತೆಗೆ ಇಳಿಸಿಕೊಂಡು ಬಂದರು. ಟಾರ್ಚು, ಗಡಿಯಾರ, ಕೆಮ್ಮಿನ ಔಷಧಿ, ಅಂಚೆಯಲ್ಲಿ ಬಂದ ಲಕೋಟೆ, ಯಾವುದೇ ಆಗಲಿ, ಮೊದಲು ಕಿವಿಯ ಪರೀಕ್ಷೆಯಲ್ಲಿ ಪಾಸಾಗಬೇಕು. ಮಗಳಿಗೆ ಗಂಡು ನೋಡಲು ಮಾಯಸಂದ್ರಕ್ಕೆ ಹೋದಾಗ ಆ ಹುಡುಗನ ತಲೆ ಹಿಡಿದು ಅಲ್ಲಾಡಿಸಲಿಲ್ಲವಲ್ಲ, ಅದು ನಮ್ಮ ಪುಣ್ಯ!

ಆ ಮದುವೆಯಿಂದಲೇ ಈ ಪುರಾಣ ಶುರುವಾದದ್ದು. ಇನ್ನು ಎಂಟು ದಿನ ಇದೆ ಎನ್ನುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮೂರು ತಿಂಗಳು ಹಾಸಿಗೆಯಿಂದ ಅಲುಗುವಂತಿಲ್ಲ ಎಂದರು ಡಾಕ್ಟರು. ಮಾವ ಮದುವೆಯನ್ನು ಮುಂದಕ್ಕೆ ಹಾಕೋಣ ಎಂದರೆ ಅತ್ತೆ ಮಲಗಿದಲ್ಲೇ ಗುಡುಗಿದರು. "ನನ್ ಕಾಲಿಗೋಸ್ಕರ ಮಗಳ ಮದ್ವೆ ನಿಲ್ಸುದ್ರೆ, ಇದೇ ಕಾಲಲ್ಲಿ ಎದ್ದು ಬಂದು ಒದ್ದುಬುಡ್ತೀನಿ ನೋಡ್ರೀ!"

ಮದುವೆ ತುರುವೇಕೆರೆಯ ಛತ್ರದಲ್ಲಿ ನಡೆಯಿತು. ಧಾರೆಗೆ ಗಂಡ ಹೆಂಡತಿ ಜೋಡಿಯೇ ಬೇಕಲ್ಲ, ಮಾವನ ತಮ್ಮ ಮತ್ತು ಅವರ ಹೆಂಡತಿ ಎರೆದುಕೊಟ್ಟರು. ಅತ್ತೆಯನ್ನು ನೋಡಿಕೊಳ್ಳಲು ನಾನು ಮನೆಯಲ್ಲೇ ಉಳಿದೆ. ಮುಹೂರ್ತದ ಹೊತ್ತಿಗೆ ಅತ್ತೆ ಗೋಡೆಯ ಕಡೆಗೆ ಮುಖ ತಿರುಗಿಸಿ, "ಇರೋಳು ಒಬ್ಳು ಮಗಳು ಕಣೇ. ಅವಳ ಧಾರೆ ನನ್ ಕಣ್ಣಲ್ಲಿ ನೋಡಾಕಾಗ್ಲಿಲ್ವಲ್ಲ" ಎಂದು ಅತ್ತರು. ಬಾಯಿ ಜೋರಿನ ಅತ್ತೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪುಣ್ಯಕ್ಕೆ ಮದುಮಗನ ತಮ್ಮ ಪುಟ್ಟ ಕ್ಯಾಮೆರಾದಲ್ಲಿ ಮದುವೆಯನ್ನೆಲ್ಲ ಹಿಡಿದು ಒಂದು ಸಿ.ಡಿ. ಮಾಡಿ ಕಳಿಸಿದ. ಅತ್ತೆಯ ಮಂಚದ ಕಾಲ್ದೆಸೆಯಲ್ಲೇ ಟಿವಿ ಇದೆ, ಇನ್ನೇನು ಬೇಕು? ಆದರೆ ಮನೆಯ ಪ್ಲೇಯರು ಆ ಸಿ.ಡಿ.ಯನ್ನು ನುಂಗುವುದು, ಕ್ಷಣ ಬಿಟ್ಟು ಉಗಿಯುವುದು, ಇಷ್ಟೇ ಮಾಡಿತು. ತಿಪಟೂರಿನಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತು ಸರ್ಟಿಫಿಕೇಟ್ ತಂದಿದ್ದ ನಾನು ಸುಮ್ಮನಿರಬಾರದಿತ್ತೇ? "ಇದು ಕಂಪ್ಯೂಟರಲ್ಲಿ ಮಾತ್ರ ಬರೋದು ಮಾವ" ಎಂದುಬಿಟ್ಟೆ.

ಮಾರನೆಯ ದಿನ ಮಾವ ತಿಪಟೂರಿನಿಂದ ಗೋಣಿಚೀಲ ಹೊತ್ತು ಬಸ್ಸಿಳಿದರು. ಒಳಗೆ ಯಾರೋ ಬಳಸಿ ಬಿಟ್ಟ ಕಂಪ್ಯೂಟರಿನ ಡಬ್ಬ, ಕೀಬೋರ್ಡು, ಮೌಸು ಮತ್ತು ಒಂದು ವೈರು.

"ಚಿತ್ರ ಬರೋ ಪರದೆ ಎಲ್ಲಿ ಮಾವ?"

"ಮನೇಲಿ ಟಿವಿ ಐತಲ್ಲವ್ವ! ಟಿವಿಗೂ ಹಾಕ್ಬೌದು ಅಂತ ಅಂಗಡಿಯೋನೇ ವೈರು ಕೊಟ್ಟ. ಮಾಲು ಮಾತ್ರ ನಾನೇ ಆರಿಸಿದ್ದು. ನಾಕು ಡಬ್ಬ ಇಟ್ಟಿದ್ದ, ಅಲ್ಲಾಡಿಸಿ ನೋಡ್ದೆ. ಮೂರು ಮೂಗಿ ತರ ಕೂತಿದ್ವು. ಇದೊಂದೇ ಲೊಟಲೊಟ ಅಂತಿತ್ತು. ಬಲಿತ ಮಾಲು ಕಣವ್ವ!"

ಬಿಚ್ಚಿ ನೋಡಿದೆ. ಒಳಗೆ ಒಂದು ಸ್ಕ್ರೂ ಕಳಚಿಕೊಂಡು ಉರುಳಾಡುತ್ತಿತ್ತು. ಅದನ್ನು ಅದರ ಜಾಗದಲ್ಲಿ ಕೂರಿಸಿ ಮುಚ್ಚಿದೆ. ಮಾವ ಡಬ್ಬವನ್ನು ಎತ್ತಿ ಮತ್ತೆ ಅಲ್ಲಾಡಿಸಿದರು. ಸದ್ದಿಲ್ಲ! "ಚೆನ್ನಾಗಿದ್ದದ್ದ ಕೆಡಿಸ್ಬುಟ್ಯಲ್ಲವ್ವ" ಎಂದು ಅರ್ಧ ದಿನ ನನ್ನ ಜೊತೆ ಮಾತು ಬಿಟ್ಟರು.

ಟಿವಿ ಹಚ್ಚಿದರೆ ಬರೀ ನೀಲಿ. ವೈರು ಬಿಚ್ಚಿದೆ, ಊದಿದೆ, ಸೀರೆ ಸೆರಗಿನಲ್ಲಿ ಒರೆಸಿದೆ. ಆಗಲೂ ನೀಲಿಯೇ. ಕೊನೆಗೆ ನೋಡಿದರೆ ಟಿವಿಯ ಹಿಂದೆ ಚಿತ್ರ ಒಳಕ್ಕೆ ಹೋಗುವ ತೂತು ಒಂದು, ಹೊರಕ್ಕೆ ಬರುವ ತೂತು ಒಂದು. ನಾನು ಹೊರಬಾಗಿಲಿಗೆ ಸಿಕ್ಕಿಸಿ ಚಿತ್ರ ಒಳಗೆ ಬರಲಿ ಎಂದು ಕಾಯುತ್ತಿದ್ದೆ! ತೂತು ಬದಲಿಸಿದ ಮೇಲೆ ಚಿತ್ರವೇನೋ ಬಂತು. ಆದರೆ ಬಣ್ಣವಿಲ್ಲ, ನಿಂತಲ್ಲಿ ನಿಲ್ಲುವುದೂ ಇಲ್ಲ. ಮೇಲಿಂದ ಕೆಳಕ್ಕೆ ಉರುಳುತ್ತಲೇ ಇತ್ತು. "ಮಗಳು ಯಾವಳು, ಪುರೋಹಿತ ಯಾವನು, ಒಂದೂ ಗೊತ್ತಾಗಾಕಿಲ್ವಲ್ಲೇ. ನಂಗೆ ತಲೆ ಸುತ್ತು ಬತ್ತೈತೆ, ಆರ್ಸು" ಎಂದರು ಅತ್ತೆ.

ಮಾವ ಅಂಗಡಿಯವನಿಗೆ ಫೋನು ಮಾಡಿದರು. ಅವನು ತಪ್ಪಿಸಿಕೊಳ್ಳಲು, "ತೇವ ಹಿಡಿದಿರಬೇಕು ಯಜಮಾನ್ರೇ, ಎಲ್ಲಾದ್ರೂ ಒಣಗಿರೋ ಕಡೆ ಇಡಿ" ಎಂದನಂತೆ. ತೆಂಗಿನ ಸೀಮೆಯವರಿಗೆ ಹೇಳುವ ಮಾತೇ ಅದು?

ನಾನು ಎರಡು ದಿನ ನಮ್ಮೂರಿಗೆ ಹೋಗಿ ಬಂದೆ. ಬರುವಾಗ ತಿಪಟೂರಿನಲ್ಲಿ ಇಳಿದು, ನನಗೆ ಪಾಠ ಹೇಳಿದ್ದ ಮೇಷ್ಟರನ್ನು ಕಂಡು, ಏನು ಮಾಡಬೇಕೆಂದು ಚೀಟಿಯಲ್ಲಿ ಬರೆಸಿಕೊಂಡೆ. ಮನೆಗೆ ಬಂದು ನೋಡಿದರೆ ಕಂಪ್ಯೂಟರೇ ಇಲ್ಲ!

"ಅಟ್ಟದಲ್ಲೈತೆ" ಎಂದರು ಮಾವ, ತಣ್ಣಗೆ.

ಏಣಿ ಹತ್ತಿದೆ. ಕಾಯಿಗಳ ನಡುವೆ ಗುಳಿ ಮಾಡಿ ಡಬ್ಬವನ್ನು ಕೂರಿಸಿದ್ದರು. ಕೆಳಗಿನ ಒಲೆಯ ಹೊಗೆ ಅದಕ್ಕೆ ಹದವಾಗಿ ತಾಗುತ್ತಿತ್ತು.

"ಎಷ್ಟು ದಿನ ಇಡೋದು ಅಂತಿದ್ರಿ ಮಾವ?"

"ಆತುರ ಪಟ್ರೆ ಆಗಾಕಿಲ್ಲ ಕಣವ್ವ. ಯುಗಾದಿ ಹೊತ್ಗೆ ಒಂದ್ಸಲ ಅಲ್ಲಾಡಿಸಿ ನೋಡಾನ."

ಒಳಗಿನಿಂದ ಅತ್ತೆಯ ದನಿ ಬಂತು. "ಅಷ್ಟೊತ್ತಿಗೆ ಮೊಮ್ಮಗೂನ ನಾಮಕರಣದ ಸಿ.ಡಿ. ಬಂದಿರುತ್ತೆ, ಎರಡೂ ಒಟ್ಟಿಗೆ ನೋಡಾನ ಬುಡ್ರಿ!"

ಡಬ್ಬ ಇಳಿಸಿ ಮಸಿ ಒರೆಸಿದೆ. ಒಳಗೆ ಸೇರಿಕೊಂಡಿದ್ದ ಎರಡು ಜಿರಲೆಗಳನ್ನು ಸಾಗಹಾಕಿದೆ. ಮೇಷ್ಟರು ಹೇಳಿದ ಪ್ರಕಾರ ಕಂಪ್ಯೂಟರು ಪರದೇಶದ ಟಿವಿಗೆ ಹೊಂದುವ ಚಿತ್ರ ಕಳಿಸುತ್ತಿತ್ತು, ನಮ್ಮ ಟಿವಿಗೆ ಅದು ಅರ್ಥವಾಗುತ್ತಿರಲಿಲ್ಲ. ಅದನ್ನು ನಮ್ಮ ದೇಶದ ಬಗೆಗೆ ಬದಲಿಸಿ, ಪರದೆಯ ಮೇಲಿನ ಓಕೆ ಗುಂಡಿ ಒತ್ತಿದರೆ ಮುಗಿಯಿತು. ಆದರೆ ಓಕೆ ಎಲ್ಲಿ? ಟಿವಿ ಚಿತ್ರದ ನಾಲ್ಕು ಅಂಚನ್ನೂ ಒಂದೊಂದು ಬೆರಳಗಲ ನುಂಗಿಹಾಕಿತ್ತು, ಓಕೆ ಆ ಕೆಳಗಿನ ಅಂಚಿನಲ್ಲಿ ಮುಳುಗಿತ್ತು. ಮಾವ ನೆಲದ ಮೇಲೆ ಮಲಗಿ ಕೆಳಗಿನಿಂದ ಟಿವಿಯೊಳಕ್ಕೆ ಇಣುಕಿದರು.

"ಕಾಣಾಕಿಲ್ವಲ್ಲ! ಇರು, ಸುತ್ತ ಇರೋ ಈ ಪ್ಲಾಸ್ಟಿಕ್ ಚೌಕಟ್ಟು ಬಿಚ್ಚಾಕ್ತೀನಿ. ಅಂಚು ಎಲ್ಲಿಗೋಯ್ತದೆ, ಅಲ್ಲೇ ಅವಿತ್ಕೊಂಡಿರುತ್ತೆ."

ಸ್ಕ್ರೂಡ್ರೈವರ್ ಹಿಡಿದು ಬಂದೇಬಿಟ್ಟರು! ಟಿವಿಯನ್ನು ಉಳಿಸುವ ಗಾಬರಿಯಲ್ಲಿ ನನಗೆ ಬುದ್ಧಿ ಬಂತು. ಓಕೆ ಕಾಣದಿದ್ದರೇನು, ಕೀಬೋರ್ಡಿನಲ್ಲಿ ಎಂಟರ್ ಇಲ್ಲವೇ? ಒತ್ತಿದೆ. ಚಿತ್ರ ಗಕ್ಕನೆ ನಿಂತಿತು, ಬಣ್ಣವೂ ಬಂತು. ಇಷ್ಟು ಹೊಳೆಯಲು ಸರ್ಟಿಫಿಕೇಟಿನವಳಿಗೆ ಇಷ್ಟು ದಿನ ಹಿಡಿಯಿತು ಎಂದು ಯಾರಿಗೂ ಹೇಳಬೇಡಿ.

ಅತ್ತೆಯ ತಲೆಗೆ ಎರಡು ದಿಂಬು ಕೊಟ್ಟು ಮದುವೆ ಶುರುಮಾಡಿದೆ. ಮಗಳು ಹಸೆಮಣೆಗೆ ಬಂದಳು. "ಅಯ್ಯೋ, ಜಡೆ ಸೊಟ್ಟ ಹಾಕವ್ರಲ್ಲೇ!" ಎಂದು ಅತ್ತೆ ನಕ್ಕರು, ಹಾಗೇ ಕಣ್ಣೊರೆಸಿಕೊಂಡರು. ಧಾರೆಯಾಯಿತು. ಮಗಳು ತಲೆ ತಗ್ಗಿಸಿದಾಗ ಅತ್ತೆ ಮಲಗಿದಲ್ಲಿಂದಲೇ ಕೈಯೆತ್ತಿ ಹರಸಿದರು. ನಾನು ಗೆದ್ದೆ ಅಂದುಕೊಂಡೆ. ಆಗ ಅತ್ತೆಯ ಮುಖ ಬದಲಾಯಿತು.

"ಅದ್ಸರಿ, ನೀವೆಲ್ರೀ? ಆಗ್ಲಿಂದ ನೋಡ್ತಾವ್ನಿ, ಒಂದ್ಕಡೆನೂ ಇಲ್ಲ."

"ಇದ್ದೆ ಕಣೇ. ಅಂಚಲ್ಲಿದ್ದೆ. ಈ ಟಿವಿ ಕೊಯ್ದಾಕೈತೆ" ಎಂದರು ಮಾವ.

"ಹೆಣ್ಣಿನ ಅಪ್ಪ ಅಂಚಲ್ಲಿ ಯಾಕಿರ್ತಾನೆ? ಕೊಬ್ಬರಿ ಹರಾಜು ಅಂತ ತಿಪಟೂರಿಗೆ ಓಡಿದ್ರಾ? ನಿಜ ಹೇಳ್ರೀ." ಅತ್ತೆಯ ದನಿ ನಡುಗಿತು. "ನಾನಂತೂ ಇರ್ಲಿಲ್ಲ. ನೀವೂ ಇರ್ಲಿಲ್ವಾ? ಮಗೀಗೆ ಅಪ್ಪ ಅಮ್ಮ ಇಬ್ರೂ ಇಲ್ದಂಗಾಯ್ತಾ?"

"ಸಾಕು ಆರ್ಸವ್ವ, ಕರೆಂಟು ಹೋಗೋ ಹೊತ್ತಾಯ್ತು" ಎಂದು ಮಾವ ನನ್ನ ಕಡೆ ತಿರುಗಿದರು. ಆಗಷ್ಟೇ ಅಂಚಿಗಾಗಿ ಟಿವಿ ಬಿಚ್ಚಲು ಹೊರಟವರಿಗೆ ಈಗ ಅಂಚು ಬೇಡವಾಗಿತ್ತು!

ನಾನು ಆರಿಸಲಿಲ್ಲ. ಮೌಸಿನಿಂದ ಚಿತ್ರವನ್ನು ಎಳೆದೆಳೆದು ಚಿಕ್ಕದು ಮಾಡಿದೆ. ಮುಳುಗಿದ್ದ ಅಂಚುಗಳು ಮೇಲೆದ್ದವು. ಎಡಗಡೆಯ ಕಂಬದ ಪಕ್ಕದಲ್ಲಿ ಮಾವ ನಿಂತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ. ಹೆಗಲ ಮೇಲೆ ಶಲ್ಯವಿರಬೇಕಾದ ಜಾಗದಲ್ಲಿ ಕೆಂಪು ಅಂಚಿನ ಗಿಳಿಹಸಿರು ರೇಷ್ಮೆ ಸೀರೆ! ಹಿಂದೆ ನಿಂತ ಇಬ್ಬರು ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಾವನಿಗೆ ಅದರ ಪರಿವೆಯೇ ಇಲ್ಲ. ಅಕ್ಷತೆ ಹಾಕುವ ಹೊತ್ತಿಗೆ ಅವರು ಸೀರೆಯ ಸೆರಗನ್ನು ಅಂಗೈ ಮೇಲೆ ಹರವಿಕೊಂಡು, ಅದರ ಮೇಲೆ ಅಕ್ಕಿ ಕಾಳು ಹಾಕಿಕೊಂಡು, ಎರಡೂ ಕೈಯಿಂದ ಮಗಳ ಕಡೆಗೆ ಎರಚಿದರು.

"ಅದು ನನ್ ಸೀರೆ ಅಲ್ವೇನ್ರೀ? ಧಾರೆಗೆ ಅಂತ ತಂದಿದ್ದು?"

"ಹೂಂ."

"ಜನ ಏನಂದ್ಕೊಂಡ್ರೋ!"

"ಅಂದ್ಕೊಳ್ಲಿ ಬುಡು." ಮಾವ ಗೋಡೆ ನೋಡಿಕೊಂಡು ಹೇಳಿದರು. "ನೀನಿಲ್ದೆ ಮಗಳನ್ನ ಕೊಡೋಕೆ ಮನಸಾಗ್ಲಿಲ್ಲ. ಕರ್ಕೊಂಡ್ ಹೋಗಿದ್ದೆ."

ಅತ್ತೆ ಹೊದಿಕೆಯ ಕೆಳಗಿನಿಂದ ಕೈ ತೆಗೆದು ಮಾವನ ಪಂಚೆಯ ತುದಿ ಹಿಡಿದುಕೊಂಡರು. ಆಮೇಲೆ ನನಗೆ, "ಧಾರೆ ಇನ್ನೊಂದ್ಸಲ ಹಾಕೇ" ಎಂದರು.

ಹಾಕಿದೆ. ಈ ಸಲ ಅತ್ತೆ ಮಗಳ ಕಡೆ ನೋಡಲೇ ಇಲ್ಲ.