ಗ್ಲಿಸರಿನ್ನೂ ಹುಬ್ಬಳ್ಳಿಗೆ ಹೋದ ಹೆಂಡತಿಯೂ

ನಗೋಕೆ ಬೇರೆಲ್ಲೂ ಹೋಗಬೇಕಿಲ್ಲ, ಔಷಧದಂಗಡಿಯ ಗಲ್ಲಾ ಹಿಂದೆ ನಿಂತರೆ ಸಾಕು. ಪೆರಂಬೂರಿನ ನನ್ನ ಅಂಗಡಿಗೆ ದಿನಕ್ಕೊಂದು ಪ್ರಸಂಗ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಅದನ್ನು ಹೇಳಿಕೊಳ್ಳೋಕೆ ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಬ್ಯಾಂಕಿನವರು ನನ್ನವಳಿಗೆ ಪ್ರಮೋಷನ್ ಕೊಟ್ಟು ಹುಬ್ಬಳ್ಳಿಗೆ ಹಾಕಿದ್ದರು. ಹಾಗಾಗಿ ಎಲ್ಲವನ್ನೂ ಭಾನುವಾರದ ಎಸ್‌ಟಿಡಿ ಫೋನಿಗೆ ಅಂತ ಕೂಡಿಟ್ಟುಕೊಳ್ಳುತ್ತಿದ್ದೆ.

ಯಾವ ತರಕಾರಿ?

ಬೀದಿ ಕೊನೆಯ ಮನೆಯ ಅಜ್ಜಿ ಹಿಮ್ಮಡಿ ಒಡೆದಿದೆ ಅಂತ ಬಂದರು. ಬಹಳ ಮಡಿಯವರು. ಗ್ಲಿಸರಿನ್ ಕೊಟ್ಟೆ.

"ಪ್ರಾಣಿ ಕೊಬ್ಬಿಂದಲ್ಲ ತಾನೇ?"

"ಇಲ್ಲಮ್ಮ, ವೆಜಿಟೆಬಲ್ ಗ್ಲಿಸರಿನ್."

ಅಜ್ಜಿ ಸೀಸೆ ಕೆಳಗಿಟ್ಟರು. "ಯಾವ ತರಕಾರಿ? ನನಗೆ ಈ ತಿಂಗಳು ಶಾಕವ್ರತ. ತರಕಾರಿ ಮುಟ್ಟಲ್ಲ."

"ತರಕಾರಿ ಅಲ್ಲಮ್ಮ, ತೆಂಗಿನೆಣ್ಣೆಯಿಂದ ತೆಗೆದದ್ದು."

"ತೆಂಗಿನೆಣ್ಣೆ ಮನೇಲೇ ಇದೆಯಲ್ಲಪ್ಪ," ಅಂತ ಹೊರಟೇಬಿಟ್ಟರು.

ಇದನ್ನು ಕೇಳಿ ನನ್ನವಳು ನಕ್ಕಳು. ನಗು ಮುಗಿಯೋ ಮೊದಲೇ ಲೈನ್ ಕಟ್ಟಾಯಿತು.

ಬೂತಿನಲ್ಲಿ

ಚಳಿಗಾಲ ಬಂತು. "ಇಲ್ಲಿ ತುಟಿ ಒಡೆದು ನಗೋಕಾಗ್ತಿಲ್ಲ, ಗ್ಲಿಸರಿನ್ ಹಚ್ಚಲಾ?" ಅಂದಳು.

"ಬರೀ ಗ್ಲಿಸರಿನ್ ಬೇಡ. ಒಣ ಹವೆಯಲ್ಲಿ ಅದು ಚರ್ಮದ ನೀರನ್ನೇ ಎಳ್ಕೊಳ್ಳತ್ತೆ. ರೋಸ್ ವಾಟರ್ ಬೆರೆಸು. ಮೊದಲು ಕೈಗೆ ಹಚ್ಚಿ ನೋಡು."

"ಬಾಯೊಳಗೆ ಹೋದ್ರೆ?"

"ಚೂರು ಹೋದ್ರೆ ಏನಾಗಲ್ಲ. ಚಮಚಗಟ್ಟಲೆ ಕುಡಿದ್ರೆ ತಲೆನೋವು, ಭೇದಿ."

"ಮೀಟರ್ ಓಡ್ತಿದೆ. ಭೇದಿ ಬಿಟ್ಟು ಬೇರೆ ಏನಾದ್ರೂ ಹೇಳ್ರೀ."

ಹೇಳೋಕೆ ಬಹಳ ಇತ್ತು. ಆದರೆ ಬೂತಿನ ಗಾಜಿಗೆ ಮೂಗು ಒತ್ತಿಕೊಂಡು ಜನ ಕಾಯ್ತಿದ್ದರು. "ರೋಸ್ ವಾಟರ್ ಮರೀಬೇಡ," ಅಂದೆ.

ಸೆಂಟ್ರಲ್ ಸ್ಟೇಷನ್ನಿನಲ್ಲಿ

ಪೊಂಗಲ್ ರಜೆಗೆ ಬಂದಳು. ಬಂದಷ್ಟೇ ಬೇಗ ಹೊರಟಳು. ಅವಳು ರೈಲಿನ ಕಿಟಕಿಯಲ್ಲಿ, ನಾನು ಪ್ಲಾಟ್‌ಫಾರ್ಮಿನಲ್ಲಿ. ಸಿಗ್ನಲ್ ಬಿದ್ದಾಗ ನನ್ನ ಕಣ್ಣು ತುಂಬಿ ಹರಿಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನೋಡಿರದ ದೃಶ್ಯ ಅದು. ಅವಳಿಗೆ ಅನುಮಾನ ಬಂತು.

"ಸಿನಿಮಾದವರ ಹಾಗೆ ಅಂಗಡಿಯಿಂದ ಗ್ಲಿಸರಿನ್ ಹಾಕ್ಕೊಂಡು ಬಂದ್ರಾ?"

ಕಣ್ಣಿಗೆ ಹೋದರೆ ಉರಿಯುತ್ತೆ ಕಣೇ, ಯಾರು ಹಾಕ್ಕೋತಾರೆ ಅನ್ನೋಷ್ಟರಲ್ಲಿ, ಸರಳಿನ ಸಂದಿಯಿಂದ ಕೈ ತೂರಿಸಿ ನನ್ನ ಕೆನ್ನೆ ಒರೆಸಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಗ್ಲಿಸರಿನ್ ಸಿಹಿ ಅನ್ನೋದು ಔಷಧದಂಗಡಿಯವನ ಹೆಂಡತಿಗೆ ಗೊತ್ತಿರಲ್ವೇ?

ರೈಲು ಮೆಲ್ಲಗೆ ಕದಲಿತು. ಅವಳು ಎದುರು ಸೀಟಿನ ಹೆಂಗಸಿನ ಕಡೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು:

"ಉಪ್ಪಿದೆ ರೀ. ನಿಜವಾಗ್ಲೂ ಅಳ್ತಿದಾರೆ."