ಲಂಡನ್ನಿನ ಅಣ್ಣತಮ್ಮಂದಿರು

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಆದರೆ ಇಂಗ್ಲಿಷನ್ನು ಕನ್ನಡಕ್ಕೆ ತರಲು ಕೂತಾಗ ಹೀಗೆ ಏನಾದರೊಂದು ಆಗುತ್ತಲೇ ಇರುತ್ತದೆ.

ಇಳಕಲ್ಲಿನ ನಮ್ಮ ಮನೆಯಲ್ಲಿ ನಾನು, ಅಕ್ಕ ಇಬ್ಬರೇ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಅಕ್ಕ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಎಳೆ ಕೂಡಿಸುವವಳು. ಈ ಬೇಸಿಗೆಯ ರವಿವಾರಗಳಲ್ಲಿ ಒಂದು ಬ್ರಿಟಿಷ್ ಧಾರಾವಾಹಿ ನೋಡಿದೆವು. ಒಬ್ಬ ಮಂತ್ರಿಯ ಮಗ, ಇನ್ನೊಬ್ಬ ಗಣಿ ಕೂಲಿಯ ಮಗ. ಇಬ್ಬರು ಗಂಡಸರ ಪ್ರೀತಿಯ ಕಥೆ. ಅಕ್ಕನಿಗೆ ನಾನು "ಅಣ್ಣತಮ್ಮಂದಿರು" ಎಂದುಬಿಟ್ಟೆ.

೧. ಸಾಹೇಬರು

ಮೊದಲ ಕಂತಿನಲ್ಲಿ ಮಂತ್ರಿಯ ಬಂಗಲೆ.

"ಸಾಹೇಬ್ರು ಎಷ್ಟು ಠೀವಿಲೆ ನಿಂತಾರ ನೋಡು," ಎಂದಳು ಅಕ್ಕ.

"ಅಂವ ಆಳು. ಚಹಾ ಕೊಡಾಂವ."

"ಮತ್ತ ಮೊಣಕೈ ಹರದ ಸ್ವೆಟರ್ ಹಾಕ್ಕೊಂಡು ಕುಂತಾಂವ?"

"ಅಂವನೇ ಮಂತ್ರಿ."

ಅಕ್ಕ ನನ್ನ ಅಂಗಿಯ ಹರಿದ ಕಾಲರು ನೋಡಿದಳು. "ಹಂಗಾದ್ರ ಇದನ್ನ ಹೊಲಿಯೂದಿಲ್ಲ ಬಿಡು. ಮಂತ್ರಿ ಅಂತ ತಿಳೀಲಿ ಮಂದಿ."

೨. ಬದು

ಪಕ್ಕದ ಮನೆಯ ನಿವೃತ್ತ ಮಾಸ್ತರರು ಪೇಪರು ಕೇಳಲು ಬಂದವರು ಕೂತು ಅರ್ಧ ಕಂತು ನೋಡಿಯೇಬಿಟ್ಟರು. ಪರದೆಯ ಮೇಲೆ ಇಬ್ಬರೂ ತಬ್ಬಿಕೊಂಡಿದ್ದರು.

"ಯಾರ್ರಿ ಇವ್ರು?"

"ಅಣ್ಣತಮ್ಮಂದಿರು."

"ಅಪ್ಪ ಬ್ಯಾರೆ ಬ್ಯಾರೆ ಅದಾರಲ್ರಿ!"

"ಸಣ್ಣವರಿದ್ದಾಗ ಅಗಲಿದ್ರು," ಎಂದೆ.

ಮಾಸ್ತರರು ಕಣ್ಣೊರೆಸಿಕೊಂಡರು. "ಅದಕ್ಕ ಇಷ್ಟು ಪ್ರೀತಿ ನೋಡ್ರಿ. ನಾನು, ನನ್ನ ತಮ್ಮ ಕೂಡೇ ಬೆಳದ್ವಿ. ಹೊಲದ ಬದುವಿನ ಸಲುವಾಗಿ ಹನ್ನೆರಡು ವರ್ಷ ಆತು, ಮಾತಿಲ್ಲ."

೩. ಯಾವ ಪಕ್ಷ?

ವೋಟು ಕೇಳಲು ಬಂದ ನಮ್ಮ ವಾರ್ಡಿನ ಸದಸ್ಯರು ಬಾಗಿಲಲ್ಲೇ ನಿಂತು ಹತ್ತು ನಿಮಿಷ ನೋಡಿದರು. ಪತ್ರಿಕೆಯವನೊಬ್ಬ ಆ ಇಬ್ಬರ ಫೋಟೋ ತೆಗೆದು ಓಡುತ್ತಿದ್ದ.

"ಈ ಹುಡುಗರದು ಮುಗೀತೇನ್ರಿ ಸರ?"

"ಮುಗಿದಂಗ. ಒಬ್ಬಂವ ಮಂತ್ರಿ ಮಗ."

"ಆಡಳಿತ ಪಕ್ಷಾನೋ, ವಿರೋಧ ಪಕ್ಷಾನೋ?"

"ಆಡಳಿತ ಪಕ್ಷ."

"ಹಂಗಾದ್ರ ಹುಡುಗರ ಚಿಂತಿ ಬಿಡ್ರಿ," ಎಂದು ಚಪ್ಪಲಿ ಮೆಟ್ಟಿದರು. "ಪೇಪರಿನಾಂವಂದು ಮುಗೀತು."

೪. ಕೊಂಡಿ

ಕೊನೆಯ ಕಂತು. ಕೂಲಿಯ ಮಗ ಊರು ಬಿಟ್ಟು ಹೊರಟಿದ್ದಾನೆ. ರೈಲು ಚಲಿಸುತ್ತದೆ. ಮಂತ್ರಿಯ ಮಗ ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತಿದ್ದಾನೆ.

"ಏನಂದ?" ಅಕ್ಕ ಕೇಳಿದಳು.

"ಏನೂ ಅನ್ನಲಿಲ್ಲ."

"ನೀನೂ ಬಾದಾಮಿ ಸ್ಟೇಶನ್ನಿನಾಗ ಹಂಗ ನಿಂತಿದ್ದಿ."

ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವನೊಬ್ಬ ಆರು ವರ್ಷ ರವಿವಾರದ ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದ. ವರ್ಗವಾದಾಗ, "ಹೋಗಬ್ಯಾಡ ಅಂತ ಒಂದ ಮಾತು ಅನ್ನು, ಹೆಂಗರೆ ಮಾಡಿ ಉಳೀತೇನಿ," ಎಂದಿದ್ದ. ನಾನು ಅವನ ಚೀಲ ಎತ್ತಿಕೊಟ್ಟು, ರೈಲು ಎಷ್ಟಕ್ಕೆ ಮುಟ್ಟುತ್ತದೆಂದು ಹೇಳಿದೆ. ಹದಿನಾಲ್ಕು ವರ್ಷವಾಯಿತು.

"ಅಂವ ಬರೇ ಗೆಳೆಯ..."

"ಅಣ್ಣತಮ್ಮಂದಿರು ಅಂತ ಮಾಸ್ತರಿಗೆ ಹೇಳು. ಕೊಂಡಿ ಹಾಕಾಕಿಗೆ ಎಳಿ ಕೂಡಿದ್ದು ತಿಳಿಯೂದಿಲ್ಲೇನು?"

"ಗೊತ್ತಿದ್ರ ಆಗ ಯಾಕ ಸುಮ್ಮನಿದ್ದಿ?"

"ನಾ ಏಳನೇ ಕ್ಲಾಸ್ ಫೇಲ್. ನೀ ಇಂಗ್ಲಿಷ್ ಕಲಿಸಾಂವ. ನೀನ ಹೇಳ್ತಿ ಅಂತ ಕಾದೆ."

ಟಿವಿ ಆರಿಸಿದೆ. "ಈಗ ಎಲ್ಲಿ ಅದಾನೋ ಏನೋ."

"ಧಾರವಾಡದಾಗ. ಹಬ್ಬಕ್ಕೊಮ್ಮೆ ನನಗ ಫೋನ್ ಮಾಡ್ತಾನ. ಶೇಂಗಾ ಚಟ್ನಿ ಕಳಸ್ತೇನಿ."

"ನನ್ನ ಸುದ್ದಿ ಕೇಳ್ತಾನೇನು?"

"ಪ್ರತಿ ಸಲಾನೂ ಒಂದ ಕೇಳ್ತಾನ: 'ಅಕ್ಕಾರ, ನಿಮ್ಮ ತಮ್ಮಗ ಮಾತು ಬಂದಾವೇನ್ರಿ?'"

"ನೀ ಏನಂತಿ?"

"'ಹಲ್ಲು ಬೀಳಾಕತ್ತಾವಪಾ, ಮಾತು ಇನ್ನೂ ಬಂದಿಲ್ಲ' ಅಂತೇನಿ."