ಓಟದ ಕಾರಿಗೆ ಎರೆಮಣ್ಣು

ಬೆಂಕಿಯನ್ನು ಗೆದ್ದವರು ಪುರಾಣಗಳಲ್ಲಿ ಇದ್ದಾರು. ಹುಬ್ಬಳ್ಳಿಯಲ್ಲಿ ಮಾತ್ರ ಆ ಕೀರ್ತಿ ನನಗೇ ಮೀಸಲೆಂದು ಆ ವರ್ಷದ ಚೈತ್ರದಲ್ಲಿ ನಾನು ತೀರ್ಮಾನಿಸಿದ್ದೆ. ನಾನು, ಅಂದರೆ ಅರಳೆ ದಲಾಲಿ ಕುಬೇರಪ್ಪ. ಗೆಲ್ಲಬೇಕಾಗಿದ್ದ ಬೆಂಕಿ ನನ್ನ ಓಟದ ಕಾರಿನ ಬಾನೆಟ್ಟಿನ ಕೆಳಗಿತ್ತು.

ಸ್ವದೇಶಕ್ಕೆ ಹೊರಟ ಬಿಳಿ ಸಾಹೇಬನೊಬ್ಬ ಬಿಟ್ಟುಹೋದ ಕಾರು ಅದು. ಕೆಂಪು ಬಣ್ಣ, ಇಬ್ಬರಿಗೆ ಮಾತ್ರ ಜಾಗ, ಮೇಲೆ ಚಾವಣಿಯಿಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ದುರ್ಗದ ಬೈಲಿನಲ್ಲಿ ಚಾಪೆ ಹಾಸಿ ಬದನೆಕಾಯಿ ಮಾರುವ ಮುದುಕಿ ಕುಳಿತಲ್ಲಿಂದಲೇ ನನ್ನ ಕಣ್ಣಲ್ಲಿ ಕಣ್ಣಿಟ್ಟು ಚೌಕಾಶಿ ಮಾಡಬಹುದಿತ್ತು. ಓಡುವುದೇನೋ ಸುಂಟರಗಾಳಿಯಂತೆ ಓಡುತ್ತಿತ್ತು. ಆದರೆ ಇಂಜಿನ್ನಿನ ಕಾವೆಲ್ಲ ಕಾಲಕೆಳಗಿನ ಹಲಗೆಯನ್ನು ದಾಟಿ ಒಳಗೆ ಬರುತ್ತಿತ್ತು. ಹೊಗೆ ಹೋಗುವ ಕಬ್ಬಿಣದ ಕೊಳವೆ ಎಡಬದಿಗೆ ಇತ್ತು. ಎಡಬದಿಗೆ ಕೂಡುತ್ತಿದ್ದವಳು ನನ್ನ ಹೆಂಡತಿ ರತ್ನವ್ವ.

ಮೊದಲ ಸಲ ಅವಳನ್ನು ಉಣಕಲ್ಲಿನ ಕೆರೆಯವರೆಗೆ ಕರೆದುಕೊಂಡು ಹೋಗಿಬಂದಾಗ ಅವಳು ಇಳಿದವಳೇ ಬಚ್ಚಲಿಗೆ ಹೋಗಿ ಪಾದಗಳ ಮೇಲೆ ಎರಡು ಕೊಡ ನೀರು ಹಾಕಿಕೊಂಡಳು.

“ಹೆಂಗ ಅನಿಸ್ತು?” ಎಂದು ಕೇಳಿದೆ.

“ಛಲೋ ಐತ್ರಿ. ಮುಂದಿನ ಸಲ ಹೋಗುವಾಗ ಹಿಟ್ಟು ನಾದಿಕೊಂಡು ಬರ್ತೇನಿ. ಕಾಲ ಹತ್ರ ಇಟ್ರ ರೊಟ್ಟಿ ತಾನ ಬೇಯತೈತಿ.”

ಅಷ್ಟರಲ್ಲಿ ಅಮ್ಮಿನಬಾವಿಯಿಂದ ಅತ್ತೆಯ ಸುದ್ದಿ ಬಂತು. ರತ್ನವ್ವನ ತಂಗಿ ದಾನವ್ವ ಬಸುರಿ, ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಆರು ತಿಂಗಳು ತುಂಬಿದೆ ಎಂದು ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ಅವಳಿಗೆ ಅನ್ನ ಸೇರದಾಯಿತು. ಗಂಜಿಯ ತಿಳಿಯ ಮೇಲೆ ದಿನ ನೂಕುತ್ತಿದ್ದಾಳೆ. ಬಯಕೆ ಏನೆಂದು ಕೇಳಿದರೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಾಳೆ. ಅಕ್ಕನ ಕೈಯಡಿಗೆಯಾದರೂ ಸೇರೀತು, ಬರುವ ಸೋಮವಾರ ಮಧ್ಯಾಹ್ನದ ಊಟದ ಹೊತ್ತಿಗೆ ರತ್ನವ್ವ ಬಯಕೆ ಬುತ್ತಿ ಕಟ್ಟಿಕೊಂಡು ಬರಲಿ. ಇಷ್ಟು ಸುದ್ದಿ.

ರತ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಧಾರವಾಡ ಮಟ ರೈಲಿಗೆ ಹೋಗಿ, ಅಲ್ಲಿಂದ ಚಕ್ಕಡಿ ಮಾಡ್ಕೊಂಡು ಹೋಗೂಣು” ಎಂದಳು.

“ಮನ್ಯಾಗ ಓಟದ ಕಾರು ಇಟ್ಕೊಂಡು ಚಕ್ಕಡಿ ಹತ್ತೂದ?”

“ಅದರಾಗ ಕುಂತ್ರ ದಾನವ್ವಗ ಬುತ್ತಿ ಮುಟ್ಟೂದ್ರಾಗ ನಾನ ಬೆಂದಿರ್ತೇನಿ.”

“ಇನ್ನ ಎಂಟು ದಿನ ಐತಿ. ಅಷ್ಟರಾಗ ಆ ಇಂಜಿನ್ನು ಮಠದ ಕಟ್ಟಿಹಂಗ ತಣ್ಣಗ ಆಗಲಿಲ್ಲಂದ್ರ ನನ್ನ ಹೆಸರು ಕುಬೇರಪ್ಪ ಅಲ್ಲ.”

ಸ್ಟೇಶನ್ನಿನ ಬಳಿ ಮೋಟಾರು ದುರಸ್ತಿ ಮಾಡುವ ಅಬ್ದುಲಗನಿಯನ್ನು ಒಂದು ಮಾತು ಕೇಳಿದೆ. ಅವನು ಕೊಳವೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಇದಕ್ಕ ಸುತ್ತೂ ಹಗ್ಗ ಬ್ಯಾರೇನ ಬರತೈತ್ರಿ, ಬೆಂಕಿಗೆ ಜಗ್ಗೂದಿಲ್ಲ. ಮುಂಬೈಯಿಂದ ತರಸ್ಬೇಕು, ಒಂದು ತಿಂಗಳು ತಡೀರಿ ಸಾವಕಾರ್ರ” ಎಂದ. ತಡೆಯುವುದು ಸಾಮಾನ್ಯರ ಕೆಲಸ. ನಾನು ಮನೆಗೆ ಬಂದು ದನದ ಕೊಟ್ಟಿಗೆಯನ್ನು ಕಾರ್ಖಾನೆ ಮಾಡಿಕೊಂಡೆ.

ಬಿಸಿಗಾಳಿಗೆ ದಾರಿ ಬಿಡಬೇಕೆಂಬುದು ನನ್ನ ಮೊದಲ ಸಿದ್ಧಾಂತ. ದಾರದ ಎರಡು ಖಾಲಿ ಉರುಳೆಗಳನ್ನು ಬಾನೆಟ್ಟಿನ ಹಿಂಬದಿಗೆ ಕೊಟ್ಟು ಅದನ್ನು ಎರಡು ಬೆರಳಿನಷ್ಟು ಎತ್ತರಿಸಿದೆ. ಬಿಸಿಗಾಳಿ ಒಪ್ಪಂದದಂತೆ ಹೊರಗೆ ಬಂತು. ಬಂದದ್ದು ನೇರವಾಗಿ ನಮ್ಮ ಮುಖಕ್ಕೆ.

“ಮೊದಲ ಕಾಲು ಬೇಯತಿದ್ದುವು, ಈಗ ಮಾರಿ ಬೇಯಾಕತ್ತೈತಿ” ಎಂದಳು ರತ್ನವ್ವ. “ನಡುವಿನ ಭಾಗದ ಪಾಳಿ ಯಾವಾಗ್ರಿ?”

ಆಮೇಲೆ ಚಿಮಣಿ ಎಣ್ಣೆಯ ಡಬ್ಬಿಯನ್ನು ಕತ್ತರಿಸಿ, ಮುಂದಿನಿಂದ ತಂಪುಗಾಳಿ ಹಿಡಿದು ಒಳಗೆ ಕಳಿಸುವ ಒಂದು ಬಾಯಿ ಮಾಡಿದೆ. ಅದು ಗಾಳಿಗಿಂತ ಹೆಚ್ಚಾಗಿ ಬೀಜ ಬಿಡಿಸುವ ಜಿನ್ನಿನಿಂದ ಹಾರಿಬಂದ ಅರಳೆಯನ್ನು ಹಿಡಿಯಿತು. ದಲಾಲಿಯ ಕಾರು ದಲಾಲಿಯ ಗುಣವನ್ನೇ ಕಲಿತಿತ್ತು. ಊರೊಳಗಿನ ಒಂದೇ ಸುತ್ತಿನಲ್ಲಿ ಅರ್ಧ ತಲೆದಿಂಬಿಗಾಗುವಷ್ಟು ಅರಳೆ ಕೂಡಿಸಿತು.

ಇನ್ನೆರಡು ದಿನ ಉಳಿದಾಗ ನನಗೆ ಜ್ಞಾನೋದಯವಾದದ್ದು ಅಡಿಗೆಮನೆಯ ಹೊಸ್ತಿಲಲ್ಲಿ. ರತ್ನವ್ವ ಹಾಲಿನ ಪಾತ್ರೆಯ ಬುಡಕ್ಕೆ ಮಣ್ಣು ಬಳಿದು ಒಲೆಯ ಮೇಲಿಡುತ್ತಿದ್ದಳು. ಬೆಂಕಿಗೂ ಪಾತ್ರೆಗೂ ನಡುವೆ ಮಣ್ಣು. ಅಷ್ಟು ಉರಿಯುವ ಮಣ್ಣಿನ ಒಲೆಯನ್ನೇ ಹೊರಗಿನಿಂದ ಕೈಯಿಟ್ಟು ಮುಟ್ಟಬಹುದು. ಕೊಳವೆಗೆ ಮಣ್ಣು ಮೆತ್ತಿದರೆ ಮುಗಿಯಿತಲ್ಲ!

ಮಣ್ಣೆಂದರೆ ನನಗೆ ಗೊತ್ತಿದ್ದದ್ದು ಒಂದೇ ಮಣ್ಣು. ನನ್ನ ಅನ್ನ ಹುಟ್ಟುವುದು ಅರಳೆ ಬೆಳೆಯುವ ಕರಿಯ ಎರೆಮಣ್ಣಿನಲ್ಲಿ. ಗೋಕುಲದ ರಸ್ತೆಯ ಆಚೆಗಿನ ಹೊಲದಿಂದ ಒಂದು ಬುಟ್ಟಿ ತರಿಸಿ, ನೆನೆಸಿ, ಬೆಣ್ಣೆಯಂತೆ ನಾದಿದೆ. ಕೊಳವೆಗೆ ಹಳೆಯ ಗೋಣಿತಟ್ಟಿನ ಪಟ್ಟಿ ಸುತ್ತಿ, ಮೇಲೆ ನಾಲ್ಕು ಬೆರಳು ದಪ್ಪ ಮಣ್ಣು ಮೆತ್ತಿ, ಅಂಗೈಯಿಂದ ನುಣ್ಣಗೆ ಮಾಡಿದೆ. ಯಾರಿಗೂ ಹೇಳಲಿಲ್ಲ. ರತ್ನವ್ವನಿಗಂತೂ ಹೇಳಲೇ ಇಲ್ಲ. ಅವಳನ್ನು ಬೆರಗುಗೊಳಿಸಬೇಕಿತ್ತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಬುತ್ತಿಯ ಬುಟ್ಟಿ ರತ್ನವ್ವನ ತೊಡೆಯ ಮೇಲೆ: ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಹಿಂಡಿ, ಕೆನೆಮೊಸರು, ಕರಿಗಡಬು. ಕಾಲ ಬಳಿ ಕುಡಿಯುವ ನೀರಿನ ಹೂಜಿ. ಅಮರಗೋಳ ದಾಟಿತು. ಅವಳು ಪಾದವನ್ನು ಹಲಗೆಯ ಮೇಲೆ ಮೆಲ್ಲಗೆ ಊರಿ ನೋಡಿದಳು. ಮತ್ತೊಮ್ಮೆ ಊರಿದಳು.

“ಖರೇನ ತಣ್ಣಗ ಐತ್ರಿ” ಎಂದಳು. “ಮತ್ತ ಎಲ್ಲೋ ಮಳಿ ಬಿದ್ದ ವಾಸನಿ ಬರಾಕತ್ತೈತಿ.”

ನಾನು ಮಾತಾಡಲಿಲ್ಲ. ಗೆದ್ದವರು ಮಾತಾಡುವುದಿಲ್ಲ.

ಧಾರವಾಡದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಹತ್ತು ಜನ ಕಾರಿನ ಸುತ್ತ ಕೂಡಿದರು. ಮಾತಾಡದವನು ಅಲ್ಲಿ ಮಾತಾಡಿಬಿಟ್ಟೆ. ಶಾಖದ ಗುಣವನ್ನೂ ಗಾಳಿಯ ಧರ್ಮವನ್ನೂ ವಿವರಿಸುತ್ತ ಒಂದು ತಾಸು ಹೋಯಿತು. ರತ್ನವ್ವ ಎರಡು ಸಲ ಕೆಮ್ಮಿದಳು. ಮೂರನೆಯ ಸಲ, “ದಾನವ್ವ ದಾರಿ ನೋಡತಿರ್ತಾಳ” ಎಂದಷ್ಟೇ ಅಂದಳು. ಅಷ್ಟರಲ್ಲಿ ಹೊತ್ತು ಏರಿತ್ತು.

ಅಮ್ಮಿನಬಾವಿಯ ದಾರಿಗೆ ನೆರಳೆಂಬುದಿಲ್ಲ. ಎರಡೂ ಕಡೆ ಅರಳೆ ಬಿಡಿಸಿಯಾದ ಕರಿಯ ಹೊಲಗಳು, ಮೇಲೆ ಚೈತ್ರದ ಬಿಳಿಯ ಆಕಾಶ. ಊರು ಇನ್ನು ಎರಡು ಮೈಲು ಇರುವಾಗ ಕಾಲಕೆಳಗೆ ‘ಟಪ್’ ಎಂದಿತು. ಹಿಂದೆ ನೋಡಿದರೆ ರಸ್ತೆಯ ಮೇಲೆ ಒಂದು ಕರಿಯ ಹೆಂಟೆ. ಇನ್ನೊಂದು ‘ಟಪ್’. ಆಮೇಲೆ ಸುಟ್ಟ ಗೋಣಿಯ ನಾತ.

“ನಿಲ್ಲಸ್ರಿ” ಎಂದು ಬುಟ್ಟಿಯನ್ನು ಎದೆಗವಚಿಕೊಂಡು ರತ್ನವ್ವ ಇಳಿದಳು.

ಮಣ್ಣು ಬಿರಿದು ಕಳಚಿಕೊಂಡಲ್ಲೆಲ್ಲ ಗೋಣಿತಟ್ಟು ಕೆಂಪಗೆ ಹೊಗೆಯಾಡುತ್ತಿತ್ತು. ಮುಂದುಗಡೆ ರೇಡಿಯೇಟರು ಕುದಿದು, ಇದ್ದ ನೀರನ್ನೆಲ್ಲ ಆವಿ ಮಾಡಿ ಬಿಟ್ಟಿತ್ತು. ನಾನು ಹೂಜಿ ಹಿಡಿದುಕೊಂಡು ಯಾವುದಕ್ಕೆ ಹಾಕಲೆಂದು ಹಿಂದೆ ಮುಂದೆ ಓಡಾಡಿದೆ. ಅವಳು ಅದನ್ನು ಕಸಿದುಕೊಂಡು ಗೋಣಿಯ ಮೇಲೆ ಸುರಿದಳು. ಭುಸ್ ಎಂದು ಆವಿ ಎದ್ದು ಬೆಂಕಿ ಆರಿತು. ಕುಡಿಯುವ ನೀರೂ ತೀರಿತು. ಕಾರು ಸತ್ತಂತೆ ಕೂತಿತು.

ಅವಳು ಬಾಗಿ ನೋಡಿದಳು. “ಇದ್ಯಾವ ಮಣ್ಣು ಹಚ್ಚೀರಿ?”

“ಎರಿಮಣ್ಣು. ನೀ ಪಾತ್ರಿಗೆ ಹಚ್ಚೂದು ನೋಡಿ…”

“ನಾ ಹಚ್ಚೂದು ಹುತ್ತಿನ ಮಣ್ಣು. ಒಲಿಗೆ ಯಾರರ ಎರಿಮಣ್ಣು ಹಚ್ಚತಾರೇನ್ರಿ? ಬ್ಯಾಸಗ್ಯಾಗ ಎರಿ ಹೊಲ ನೋಡೀರಿಲ್ಲೋ? ಅಗೋ ನೋಡ್ರಿ.”

ನೋಡಿದೆ. ರಸ್ತೆಯ ಬದಿಯ ಹೊಲ ಉದ್ದಕ್ಕೂ ಬಿರುಕು ಬಿಟ್ಟಿತ್ತು, ಒಂದೊಂದು ಬಿರುಕಿನಲ್ಲಿ ಮೊಣಕಾಲಿನವರೆಗೆ ಕಾಲು ಇಳಿಸಬಹುದಿತ್ತು. ಇಪ್ಪತ್ತು ವರ್ಷ ಅರಳೆಯ ವ್ಯಾಪಾರ ಮಾಡಿದವನು ನಾನು, ಬೇಸಗೆಯಲ್ಲಿ ಒಮ್ಮೆಯೂ ಹೊಲದ ಮುಖ ನೋಡಿದವನಲ್ಲ.

ನಮ್ಮ ನೆರಳು ಕಾಲ ಕೆಳಗೆ ಬರುತ್ತಿತ್ತು, ಊಟದ ಹೊತ್ತು ಸಮೀಪಿಸಿತ್ತು. ರತ್ನವ್ವ ಬೈದಿದ್ದರೆ ಚೆನ್ನಾಗಿತ್ತು. ಅವಳು ಬುತ್ತಿಯ ಅರಿವೆಯ ಗಂಟನ್ನು ಬಿಚ್ಚುತ್ತ ಕಟ್ಟುತ್ತ ಊರಿನ ದಿಕ್ಕಿಗೆ ನೋಡುತ್ತ ನಿಂತಳು.

ಆಗ ಧಾರವಾಡದಿಂದ ಖಾಲಿ ಚಕ್ಕಡಿ ಹೊಡೆದುಕೊಂಡು ಅಮ್ಮಿನಬಾವಿಯ ಲಕ್ಕಪ್ಪ ಬಂದ. ಮಾವನ ಮನೆಯ ನೆರೆಯವನು. ಕಾರನ್ನು ಒಂದು ಸುತ್ತು ಹಾಕಿ ನೋಡಿದ.

“ಎಷ್ಟು ಜೋರು ಓಡತೈತ್ರಿ ಇದು?”

“ತಾಸಿಗೆ ಅರವತ್ತು ಮೈಲು.”

“ನಮ್ಮ ಎತ್ತು ಅಷ್ಟು ಓಡಾಂಗಿಲ್ರಿ. ಸಾವಕಾಶ ಬರ್ರಿ” ಎಂದು ಕಾರನ್ನು ಚಕ್ಕಡಿಯ ಹಿಂದೆ ಹಗ್ಗದಿಂದ ಬಿಗಿದ.

ರತ್ನವ್ವ ಬುಟ್ಟಿಯೊಂದಿಗೆ ಚಕ್ಕಡಿಯಲ್ಲಿ, ಹಿಂದೆ ಓಟದ ಕಾರಿನಲ್ಲಿ ಚಕ್ರ ಹಿಡಿದು ಒಬ್ಬನೇ ನಾನು. ಹಾಗೆ ನಾವು ಊರು ಹೊಕ್ಕೆವು. ಊರಬಾಗಿಲ ಅಗಸೆಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ನೋಡಿದರು. ಎತ್ತುಗಳ ಮುಖದಲ್ಲಿದ್ದಷ್ಟು ಗಾಂಭೀರ್ಯ ನನ್ನ ಮುಖದಲ್ಲಿ ಇರಲಿಲ್ಲ.

ಗದ್ದಲ ಕೇಳಿ ದಾನವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕಣ್ಣು ಒಳಸೇರಿದ್ದವು, ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಎತ್ತುಗಳನ್ನು ನೋಡಿದಳು, ಹಗ್ಗವನ್ನು ನೋಡಿದಳು, ಹಗ್ಗದ ತುದಿಯಲ್ಲಿದ್ದ ನನ್ನನ್ನು ನೋಡಿದಳು. ತುಟಿಯ ಮೂಲೆ ತುಸು ಅಲುಗಿತು.

“ಮಾಮಾ, ಎತ್ತಿಗೆ ಪೆಟ್ರೋಲು ಹಾಕೀರೇನ್ರಿ?”

ಅತ್ತೆ ಬಾಗಿಲಲ್ಲೇ ಕುಸಿದು ಕೂತು ಅಳತೊಡಗಿದರು. ಎಷ್ಟೋ ದಿನಗಳ ಮೇಲೆ ಮಗಳು ಆಡಿದ ಮೊದಲ ಪೂರ್ತಿ ಮಾತು ಅದು.

ಅಷ್ಟರಲ್ಲಿ ದಾನವ್ವ ಮೂಗು ಅರಳಿಸಿದಳು. “ಏನದು ವಾಸನಿ?” ಎಂದು ಕೇಳುತ್ತಲೇ ಅಂಗಳಕ್ಕೆ ಇಳಿದು ಕಾರಿನ ಎಡಬದಿಗೆ ಬಂದು ನಿಂತಳು. ಕೊಳವೆಗೆ ಇನ್ನೂ ಅಂಟಿದ್ದ ಅರೆಸುಟ್ಟ ಮಣ್ಣಿನ ಹೆಂಟೆಯೊಂದನ್ನು ಮುರಿದು ಮೂಗಿಗೆ ಹಿಡಿದಳು. ಬಿಸಿಲಿಗೆ ಕಾದ ಹೊಲದ ಮೇಲೆ ನಾಲ್ಕು ಹನಿ ಬಿದ್ದಾಗಿನ ಪರಿಮಳ ಅದರಲ್ಲಿತ್ತು. ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

“ಇದ ಯವ್ವಾ” ಎಂದಳು. “ಇದ ಬೇಕನಿಸತಿತ್ತು. ಏನಂತ ಹೇಳಾಕ ಬರವಲ್ದಾಗಿತ್ತು.”

ಬಾಯಿಗಿಡುವಷ್ಟರಲ್ಲಿ ರತ್ನವ್ವ ಅವಳ ಕೈ ಹಿಡಿದಳು. “ಮೂಸಿ ನೋಡು, ತಿನ್ನಬ್ಯಾಡ. ತಿನ್ನಾಕ ನಾ ತಂದೇನಿ.” ಅಲ್ಲಿಯೇ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಳು. ಎಡಗೈಯಲ್ಲಿ ಹೆಂಟೆ ಹಿಡಿದು ಮೂಸುತ್ತ, ಬಲಗೈಯಿಂದ ತುತ್ತು ಮುರಿಯುತ್ತ ದಾನವ್ವ ಒಂದು ರೊಟ್ಟಿ ಉಂಡಳು. ಇನ್ನೊಂದು ಉಂಡಳು. ಮೊಸರಿನ ಗಡಿಗೆಯನ್ನು ತಾನೇ ಎಳೆದುಕೊಂಡಳು. ಕಣ್ಣು ತಗಲೀತೆಂದು ಯಾರೂ ನೇರವಾಗಿ ನೋಡಲಿಲ್ಲ. ಎಲ್ಲರೂ ನನ್ನ ಕಾರನ್ನು ನೋಡಿದರು. ಉಂಡದ್ದು ಒಳಗೇ ಉಳಿಯಿತು. ಸಂಜೆ ಅವಳು ಮತ್ತೆ ಹಸಿವು ಎಂದಾಗ ರತ್ನವ್ವ ನನ್ನ ಹತ್ತಿರ ಬಂದು ನನ್ನ ಅಂಗಿಯ ತೋಳಿಗಂಟಿದ್ದ ಕರಿಯ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದಳು.

ಹುಬ್ಬಳ್ಳಿಗೆ ಮರಳಿದವನೇ ಅಬ್ದುಲಗನಿಗೆ ಹೇಳಿದೆ, ಒಂದು ತಿಂಗಳೊಳಗೆ ಮುಂಬೈಯ ಹಗ್ಗ ಬಂತು. ಅಬ್ದುಲಗನಿ ಅರ್ಧ ದಿನದಲ್ಲಿ ಸುತ್ತಿ ಮುಗಿಸಿದ. ಕಾರು ಈಗ ನಿಜಕ್ಕೂ ಮಠದ ಕಟ್ಟೆಯಂತೆ ತಣ್ಣಗಿತ್ತು. ಮರುದಿನವೇ ಲಕ್ಕಪ್ಪ ಬಂದ.

“ದಾನವ್ವ ಎರಡೂ ಹೊತ್ತು ಛಲೋ ಉಣ್ಣಾಕತ್ತಾಳ್ರಿ. ಆದ್ರ ಹೆಂಟಿ ವಾಸನಿ ಹೋಗೇತಂತ. ಒಲ್ಯಾಗ ಸುಟ್ಟು ಕೊಟ್ರ ದೂರ ಇಡತಾಳ. ಕಾರಿಂದ ಬೇಕಂತ.”

ಅಬ್ದುಲಗನಿ ಸುತ್ತಿದ ಹಗ್ಗವನ್ನು ನಾನೇ ಬಿಚ್ಚಿದೆ. ಅಂದಿನಿಂದ ಹೆರಿಗೆಯವರೆಗೆ ಪ್ರತಿ ರವಿವಾರ ಬೆಂಕಿಯನ್ನು ಗೆದ್ದ ಈ ಮಹಾಶಯ ತನ್ನ ಅಂಗಳದಲ್ಲಿ, ಓಡದೆ ನಿಂತ ಓಟದ ಕಾರಿನಲ್ಲಿ ಇಂಜಿನ್ನು ಗುರುಗುಡಿಸುತ್ತ, ಬೆವರೊರೆಸಿಕೊಳ್ಳುತ್ತ ಕೂತಿರುತ್ತಿದ್ದ. ರತ್ನವ್ವ ಕೊಳವೆಯ ಮೇಲಿನ ಎರೆಮಣ್ಣನ್ನು ಸೌಟಿನಿಂದ ಒತ್ತಿ ನೋಡಿ ಹೇಳುತ್ತಿದ್ದಳು:

“ಇನ್ನಷ್ಟು ಕಾಯಸ್ರಿ. ನಡುವ ಹಸಿ ಐತಿ.”